ಬ್ರಿಟಿಷ್ ಸೀರೀಸ್ ನೋಡಬೇಕಾ? ಮೊದಲು ಎಪಿಸೋಡ್ ಎಣಿಸಿ

ಪ್ರಶ್ನೆ: ಸರ್, ನಾವು ಶಿವಮೊಗ್ಗದವರು. ಮನೆಯಲ್ಲಿ ನಾನು, ನಮ್ಮ ಯಜಮಾನರು, ಪಿಯುಸಿ ಓದುವ ಮಗಳು, 74 ವರ್ಷದ ಅತ್ತೆ. ಅತ್ತೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ ಆಗಿದ್ದವರು. ರಾತ್ರಿ ಊಟ ಆದ ಮೇಲೆ ಒಂದು ಗಂಟೆ ಎಲ್ಲರೂ ಒಟ್ಟಿಗೆ ಟಿವಿ ಮುಂದೆ ಕೂರುತ್ತೇವೆ. ಬ್ರಿಟಿಷ್ ಸೀರೀಸ್ ಚೆನ್ನಾಗಿರುತ್ತವೆ ಅಂತ ಯಾರೋ ಹೇಳಿದರು ಅಂತ 'ಪೀಕಿ ಬ್ಲೈಂಡರ್ಸ್' ಹಾಕಿದೆವು. ಅರ್ಧ ಮಾತು ಅರ್ಥವಾಗಲಿಲ್ಲ. ಅರ್ಥವಾದ ಅರ್ಧಕ್ಕೆ ಅತ್ತೆ ಎದ್ದು ಹೋದರು. ಸೀರೀಸ್ ಆಗಲಿ, ಸಿನಿಮಾ ಆಗಲಿ, ಎಲ್ಲಿಂದ ಶುರು ಮಾಡಬೇಕು? ಮೈದುನ ಲಂಡನ್ನಿನಲ್ಲಿದ್ದಾನೆ, ಡಿವಿಡಿ ಬೇಕಾದರೆ ಕಳಿಸುತ್ತೇನೆ ಅಂತಾನೆ. ತರಿಸಿಕೊಳ್ಳಬಹುದಾ?

ಉತ್ತರ: ಮೇಡಂ, ಮೊದಲು ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಅವರು ಎದ್ದು ಹೋಗಿದ್ದು ಸರಿಯಾಗಿಯೇ ಇದೆ. ಅದು ಮೊದಲ ಮಹಾಯುದ್ಧ ಮುಗಿದ ಹೊಸದರಲ್ಲಿ ಬರ್ಮಿಂಗ್‌ಹ್ಯಾಮ್‌ನ ಒಂದು ಗ್ಯಾಂಗಿನ ಕತೆ. ರಕ್ತ, ಸಿಗರೇಟು, ಬೈಗುಳ, ಮೇಲೆ ಆ ಊರಿನ ಮಾತಿನ ಧಾಟಿ. ಕೆಟ್ಟ ಸೀರೀಸ್ ಅಲ್ಲ. ಆದರೆ ಈಜು ಕಲಿಯೋಕೆ ಬಂದವರನ್ನು ಸೀದಾ ತುಂಬಿದ ತುಂಗೆಗೆ ಇಳಿಸಿದ ಹಾಗಾಯಿತು.

ನಿಮ್ಮ ಹಾಗೆ ಶುರು ಮಾಡಿ ಬಿಟ್ಟವರು ತುಂಬಾ ಜನ ಇದ್ದಾರೆ. ಎಲ್ಲರೂ ಮಾಡೋದು ಒಂದೇ ತಪ್ಪು. ಆ್ಯಪ್ ತೆರೆದ ಕೂಡಲೇ ಮೇಲೆ ದೊಡ್ಡದಾಗಿ ಏನು ಕಾಣುತ್ತದೋ ಅದನ್ನೇ ಒತ್ತುತ್ತಾರೆ. ನಾನು ಹೇಳೋದು ಬೇರೆ. ಮೊದಲು ಎಪಿಸೋಡ್ ಎಣಿಸಿ. ಆಮೇಲೆ ಬರೆದವರು ಯಾರು ಅಂತ ನೋಡಿ. ನಟರು, ಪೋಸ್ಟರ್, ಸ್ಟಾರ್ ರೇಟಿಂಗ್ ಎಲ್ಲ ಆಮೇಲಿನ ಮಾತು.

ಯಾಕೆ ಅಂದರೆ, ಬ್ರಿಟಿಷ್ ಟಿವಿಯ ಜೀವ ಇರೋದೇ ಅದು ಚಿಕ್ಕದಾಗಿರೋದರಲ್ಲಿ. ನಮ್ಮ ಧಾರಾವಾಹಿ ಸಾವಿರ ಕಂತು ದಾಟಿದರೂ ಅತ್ತೆ-ಸೊಸೆ ಅಡುಗೆಮನೆಯಲ್ಲೇ ನಿಂತಿರುತ್ತಾರೆ. ಅಮೆರಿಕದವರದ್ದು ಬಹಳ ಕಾಲ ವರ್ಷಕ್ಕೆ 22 ಎಪಿಸೋಡ್ ಲೆಕ್ಕ. ಇಂಗ್ಲೆಂಡಿನಲ್ಲಿ ಒಂದು ವರ್ಷಕ್ಕೆ ಆರು ಎಪಿಸೋಡ್ ಮಾಡಿ ಸುಮ್ಮನಾಗುತ್ತಾರೆ. 'ಫಾಲ್ಟಿ ಟವರ್ಸ್' ಅಂತ ಒಂದು ಹೋಟೆಲಿನ ಕಾಮಿಡಿ ಇದೆ, ಅಲ್ಲಿನವರು ಈಗಲೂ ಅದರ ಹೆಸರು ಹೇಳಿ ನಗುತ್ತಾರೆ. ಅದರ ಒಟ್ಟು ಎಪಿಸೋಡ್ ಎಷ್ಟು ಗೊತ್ತಾ? 12. 1975ರಲ್ಲಿ ಆರು, ನಾಲ್ಕು ವರ್ಷ ಬಿಟ್ಟು 1979ರಲ್ಲಿ ಇನ್ನಾರು. ಮುಗೀತು. 'ಹೌಸ್ ಆಫ್ ಕಾರ್ಡ್ಸ್' ಅಂತ ಬಿಬಿಸಿಯವರು 1990ರಲ್ಲಿ ಮಾಡಿದ ರಾಜಕೀಯದ ಕತೆ ನಾಲ್ಕೇ ಎಪಿಸೋಡ್. ಅದನ್ನೇ ಅಮೆರಿಕದವರು ಎತ್ತಿಕೊಂಡು 73 ಎಪಿಸೋಡ್ ಎಳೆದರು. ಯಾವುದು ಒಳ್ಳೆಯದು ಅಂತ ನನ್ನ ಬಾಯಿಂದ ಹೇಳಿಸಬೇಡಿ. ಆದರೆ ನಾಲ್ಕು ರಾತ್ರಿಯಲ್ಲಿ ಮುಗಿಯೋದು ಯಾವುದು ಅಂತ ನಿಮಗೇ ಗೊತ್ತಾಗುತ್ತದೆ.

ಈ ಚಿಕ್ಕದಾಗಿರೋದಕ್ಕೆ ಕಾರಣ ಬರೆಯೋ ಕ್ರಮ. ಅಮೆರಿಕದಲ್ಲಿ ಒಂದು ಕೋಣೆ ತುಂಬಾ ಬರಹಗಾರರು ಕೂತು ಒಟ್ಟಿಗೆ ಬರೆಯೋದು ರೂಢಿ. ಇಂಗ್ಲೆಂಡಿನಲ್ಲಿ ಹೆಚ್ಚಾಗಿ ಒಬ್ಬರೋ ಇಬ್ಬರೋ ಕೂತು ಪೂರ್ತಿ ಬರೆಯುತ್ತಾರೆ. ಒಬ್ಬ ಮನುಷ್ಯನ ಕೈಯಲ್ಲಿ ವರ್ಷಕ್ಕೆ 22 ಆಗುತ್ತಾ? ಆರಾದರೆ ಆಗುತ್ತದೆ. ಹಾಗಾಗಿ ಅದು ಕಾದಂಬರಿಯ ಥರ ಇರುತ್ತದೆ, ಒಂದೇ ದನಿ, ಒಂದೇ ಹದ. ನಾವು ಕನ್ನಡದಲ್ಲಿ 'ಇದು ಭೈರಪ್ಪನವರದ್ದು, ಇದು ತ್ರಿವೇಣಿಯವರದ್ದು' ಅಂತ ಹುಡುಕಿ ಓದುತ್ತೇವಲ್ಲ, ಬ್ರಿಟಿಷ್ ಸೀರೀಸನ್ನೂ ಹಾಗೇ ಹುಡುಕಬೇಕು. ಒಂದು ಇಷ್ಟವಾಯಿತು ಅಂದರೆ ಟೈಟಲ್ ಕಾರ್ಡಿನಲ್ಲಿ ಬರೆದವರ ಹೆಸರು ಗುರುತು ಹಾಕಿಕೊಳ್ಳಿ. ಉದಾಹರಣೆಗೆ ಸ್ಯಾಲಿ ವೇನ್‌ರೈಟ್. ಯಾರ್ಕ್‌ಷೈರ್ ಕಡೆಯ ಹೆಣ್ಣುಮಗಳು. 'ಹ್ಯಾಪಿ ವ್ಯಾಲಿ' ಅವರದ್ದೇ, ಮಧ್ಯವಯಸ್ಸಿನ ಒಬ್ಬ ಪೊಲೀಸ್ ಸಾರ್ಜೆಂಟ್‌ನ ಕತೆ, 2014ರಿಂದ 2023ರವರೆಗೆ ಮೂರು ಸಲ ಆರಾರು, ಒಟ್ಟು 18. ಭಯಂಕರ ಚೆನ್ನಾಗಿದೆ, ಆದರೆ ಹಿಂಸೆ ಜಾಸ್ತಿ, ಅತ್ತೆ ಮಲಗಿದ ಮೇಲೆ ನೋಡಿ. ಅದೇ ಲೇಖಕಿ ಬರೆದ 'ಲಾಸ್ಟ್ ಟ್ಯಾಂಗೋ ಇನ್ ಹ್ಯಾಲಿಫ್ಯಾಕ್ಸ್' ಇದೆಯಲ್ಲ, ಅದು ಮಾತ್ರ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ನೋಡೋದು. ಹುಡುಗಾಟದ ವಯಸ್ಸಿನಲ್ಲಿ ಕೈತಪ್ಪಿದ ಇಬ್ಬರು, ಎಪ್ಪತ್ತು ದಾಟಿದ ಮೇಲೆ, ಇಬ್ಬರೂ ಸಂಗಾತಿಯನ್ನು ಕಳಕೊಂಡ ಮೇಲೆ, ಮತ್ತೆ ಸಿಗುತ್ತಾರೆ. ಮಕ್ಕಳಿಗೆ ಮುಜುಗರ, ಮುದುಕರಿಗೆ ಖುಷಿ.

ಈಗ ಕಿವಿಯ ವಿಷಯ. 'ಅರ್ಧ ಮಾತು ಅರ್ಥವಾಗಲಿಲ್ಲ' ಅಂದಿರಲ್ಲ, ಅದಕ್ಕೆ ನಾಚಿಕೊಳ್ಳಬೇಡಿ. ಮೈಸೂರಿನವರನ್ನು ಕರಕೊಂಡು ಹೋಗಿ ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ನಿಲ್ಲಿಸಿದರೆ ಹೇಗಿರುತ್ತೆ? ಕನ್ನಡವೇ, ಆದರೆ ಮೊದಲ ಹತ್ತು ನಿಮಿಷ ಏನೂ ಸಿಗೋದಿಲ್ಲ. ಇಂಗ್ಲೆಂಡ್ ನಮ್ಮ ಕರ್ನಾಟಕಕ್ಕಿಂತ ಚಿಕ್ಕದು, ಆದರೆ ಲಿವರ್‌ಪೂಲಿನ ಮಾತು ಬೇರೆ, ನ್ಯೂಕಾಸಲ್ ಬೇರೆ, ಬರ್ಮಿಂಗ್‌ಹ್ಯಾಮ್ ಬೇರೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ಅಂತೂ ಬಿಡಿ. ನಾವು ಶಾಲೆಯಲ್ಲಿ ಕಲಿತ, ರೇಡಿಯೋದಲ್ಲಿ ಕೇಳಿದ ಬಿಬಿಸಿ ಇಂಗ್ಲಿಷ್ ಅನ್ನೋದು ಅಲ್ಲಿ ಕೆಲವೇ ಜನ ಆಡೋ ಮಾತು.

ನಾನೇ ಒಂದು ಎಡವಟ್ಟು ಮಾಡಿದ್ದೆ. ಹದಿನೈದು ವರ್ಷದ ಹಿಂದೆ ನಮ್ಮೂರಿನಲ್ಲಿ ಮೂವತ್ತು ಜನರ ಒಂದು ಸಿನಿಮಾ ಕೂಟ ನಡೆಸುತ್ತಿದ್ದೆವು. ಕೆನ್ ಲೋಚ್ ಅವರ 'ಕೆಸ್' ತೋರಿಸಿದೆ. 1969ರ ಸಿನಿಮಾ, ಬಾರ್ನ್‌ಸ್ಲಿ ಅನ್ನೋ ಗಣಿ ಊರಿನ ಒಬ್ಬ ಹುಡುಗ ಗಿಡುಗ ಸಾಕೋ ಕತೆ. ಸಬ್‌ಟೈಟಲ್ ಹಾಕೋದನ್ನು ಮರೆತಿದ್ದೆ. ಇಂಗ್ಲಿಷ್ ಸಿನಿಮಾ ಅಲ್ವಾ, ಅದಕ್ಕೇನು ಸಬ್‌ಟೈಟಲ್ ಅನ್ನೋ ಧೈರ್ಯ ಬೇರೆ. ಟೀ ಹೊತ್ತಿಗೆ ಅರ್ಧ ಕುರ್ಚಿ ಖಾಲಿ. ಎರಡು ತಿಂಗಳು ಬಿಟ್ಟು ಅದನ್ನೇ ಸಬ್‌ಟೈಟಲ್ ಹಾಕಿ ಮತ್ತೆ ತೋರಿಸಿದೆ. ಆವತ್ತು ಲೈಟ್ ಹಾಕಿದಾಗ ಮೂವತ್ತೂ ಜನ ಇದ್ದರು, ಯಾರೂ ಮಾತಾಡಲಿಲ್ಲ. ಹಾಗಾಗಿ ಮೊದಲ ನಿಯಮ: ಇಂಗ್ಲಿಷ್ ಗೊತ್ತಿದ್ದರೂ ಇಂಗ್ಲಿಷ್ ಸಬ್‌ಟೈಟಲ್ ಹಾಕಿ. ಅತ್ತೆಯವರಿಗೆ ಅಕ್ಷರ ಚಿಕ್ಕದಾದರೆ ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ದೊಡ್ಡದು ಮಾಡೋದಕ್ಕೆ ಬರುತ್ತದೆ, ಹಿಂದೆ ಕಪ್ಪು ಪಟ್ಟಿ ಬರೋ ಹಾಗೂ ಮಾಡಬಹುದು. ಮಗಳ ಕೈಗೆ ರಿಮೋಟ್ ಕೊಡಿ, ಎರಡು ನಿಮಿಷದ ಕೆಲಸ.

ಕಿವಿ ಪಳಗಿಸೋದಕ್ಕೆ ಇನ್ನೊಂದು ಉಪಾಯ ಇದೆ. ಡೇವಿಡ್ ಅಟೆನ್‌ಬರೋ ಅವರ ಕಾಡು-ಪ್ರಾಣಿಗಳ ಚಿತ್ರ ಹಾಕಿ. ಆ ಮನುಷ್ಯ ಒಂದೊಂದು ಪದವನ್ನೂ ಚಮಚದಲ್ಲಿ ತಿನ್ನಿಸಿದ ಹಾಗೆ ಹೇಳುತ್ತಾರೆ. 2006ರ 'ಪ್ಲಾನೆಟ್ ಅರ್ತ್' 11 ಎಪಿಸೋಡ್, ಎರಡನೇ ಸರಣಿ ಆರು. ನಮಗಂತೂ ಇನ್ನೂ ಹತ್ತಿರದ್ದು 'ವೈಲ್ಡ್ ಕರ್ನಾಟಕ'. ಅದು ಬ್ರಿಟಿಷರ ಚಿತ್ರ ಅಲ್ಲ, ನಮ್ಮ ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ ಅವರದ್ದು. ಆದರೆ ಇಂಗ್ಲಿಷಿನಲ್ಲಿ ದನಿ ಅಟೆನ್‌ಬರೋ ಅವರದ್ದು, ಕನ್ನಡದಲ್ಲಿ ರಿಷಬ್ ಶೆಟ್ಟಿಯವರದ್ದು. ಒಂದು ದಿನ ಕನ್ನಡದಲ್ಲಿ ನೋಡಿ, ಮಾರನೇ ದಿನ ಅದನ್ನೇ ಇಂಗ್ಲಿಷಿನಲ್ಲಿ ನೋಡಿ. ವಿಷಯ ಮೊದಲೇ ಗೊತ್ತಿರೋದರಿಂದ ಕಿವಿ ಬರೀ ದನಿಯನ್ನು ಹಿಡಿಯುತ್ತದೆ. ಇದನ್ನು ಮಾಡಿ ನೋಡಿದವರಿಗೆ ಉಪಯೋಗ ಆಗಿದೆ.

ಕಿವಿಯ ಲೆಕ್ಕದಲ್ಲಿ ಸುಲಭದ್ದರಿಂದ ಕಷ್ಟಕ್ಕೆ ಹೋಗೋದಾದರೆ, ಹಳೆಯ ಪತ್ತೇದಾರಿ ಮೊದಲು ಹಾಕಿ. ಡೇವಿಡ್ ಸುಷೆ ಮಾಡಿದ 'ಪ್ವಾರೋ' 1989ರಿಂದ 2013ರವರೆಗೆ 70 ಎಪಿಸೋಡ್ ಬಂತು. ಎಣಿಸಿ ಅಂದವನೇ 70 ಅಂತಾನಲ್ಲ ಅನ್ನಬೇಡಿ. ಒಂದೊಂದೂ ಬೇರೆ ಬೇರೆ ಕತೆ, ಎಲ್ಲಿಂದ ಬೇಕಾದರೂ ನೋಡಬಹುದು, ಬೇಡ ಅಂದರೆ ಬಿಡಬಹುದು. ಶುರುವಿನವು ಒಂದು ಗಂಟೆಯೊಳಗೆ ಮುಗಿಯುತ್ತವೆ, ಆಮೇಲಿನವು ಸಿನಿಮಾದಷ್ಟು ಉದ್ದ. ಅದಾದ ಮೇಲೆ 'ಫಾಯ್ಲ್ಸ್ ವಾರ್'. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಹೇಸ್ಟಿಂಗ್ಸ್ ಅನ್ನೋ ಕಡಲ ತೀರದ ಊರಿನ ಪೊಲೀಸ್ ಅಧಿಕಾರಿ. ಲೋಕವೇ ಹೊತ್ತಿ ಉರಿಯುವಾಗ ಒಂದು ಕೊಲೆಯನ್ನು ಯಾಕೆ ತನಿಖೆ ಮಾಡಬೇಕು ಅನ್ನೋದು ಅದರ ಒಳಗಿನ ಪ್ರಶ್ನೆ. ಆ ಪಾತ್ರ ಮಾಡಿದ ಮೈಕೆಲ್ ಕಿಚನ್ ಮಾತಾಡೋದು ಕಡಿಮೆ, ಹುಬ್ಬಿನಲ್ಲೇ ಎಲ್ಲ ಹೇಳುತ್ತಾರೆ. ಒಂದೊಂದು ಎಪಿಸೋಡ್ ಒಂದೂವರೆ ಗಂಟೆಗಿಂತ ಜಾಸ್ತಿ, ಹಾಗಾಗಿ ಎರಡು ರಾತ್ರಿಗೆ ಹಂಚಿಕೊಳ್ಳಿ. ಆಮೇಲೆ 'ಬ್ರಾಡ್‌ಚರ್ಚ್'. ಡಾರ್ಸೆಟ್ ಕರಾವಳಿ, ಒಂದು ಮಗುವಿನ ಸಾವು, ಇಡೀ ಊರಿನ ಮೇಲೆ ಅನುಮಾನ. ಮೊದಲ ಸರಣಿಯ ಎಂಟು ಎಪಿಸೋಡ್ ನೋಡಿ ನಿಲ್ಲಿಸಿದರೂ ಏನೂ ನಷ್ಟವಿಲ್ಲ. ನನ್ನ ಪ್ರಕಾರ ಅಲ್ಲೇ ನಿಲ್ಲಿಸಬೇಕು.

ಇಷ್ಟು ಹೇಳಿದರೂ ನಿಮ್ಮ ಮನೆಗೆ ನಾನು ಇವತ್ತು ರಾತ್ರಿ ಹಾಕಿಸೋದು ಇವ್ಯಾವುದೂ ಅಲ್ಲ. 'ಯೆಸ್ ಮಿನಿಸ್ಟರ್'.

ಅರ್ಧ ಗಂಟೆಯ ಕಾಮಿಡಿ. 1980ರಲ್ಲಿ ಶುರುವಾಯಿತು, ಮಂತ್ರಿ ಪ್ರಧಾನಿಯಾದ ಮೇಲಿನ ಭಾಗವನ್ನೂ ಸೇರಿಸಿದರೆ 1988ರವರೆಗೆ ಒಟ್ಟು 38 ಎಪಿಸೋಡ್. ಬರೆದವರು ಇಬ್ಬರೇ, ಆಂಟನಿ ಜೇ ಮತ್ತು ಜೋನಾಥನ್ ಲಿನ್. ಹೊಸದಾಗಿ ಮಂತ್ರಿಯಾದ ಒಬ್ಬ, ಅವನ ಕೈಕೆಳಗೆ ಇದ್ದೂ ಅವನನ್ನೇ ಕುಣಿಸೋ ಒಬ್ಬ ಹಿರಿಯ ಕಾರ್ಯದರ್ಶಿ, ಇಬ್ಬರ ನಡುವೆ ಸಿಕ್ಕಿಕೊಂಡ ಒಬ್ಬ ಪಾಪದ ಆಫೀಸರ್. ಅಷ್ಟೇ. ಹೊಡೆದಾಟ ಇಲ್ಲ, ಮುಜುಗರದ ಸೀನ್ ಇಲ್ಲ, ಹೆಚ್ಚು ಕಡಿಮೆ ಎಲ್ಲವೂ ಒಂದು ಆಫೀಸ್ ಕೋಣೆಯಲ್ಲೇ ನಡೆಯುತ್ತದೆ. ಮೊದಲ ಎಪಿಸೋಡಿನಲ್ಲೇ ಮಂತ್ರಿ ತನ್ನ ತಿರುಗೋ ಕುರ್ಚಿಯಲ್ಲಿ ಕೂತು ಒದ್ದಾಡುತ್ತಾನೆ. ಆಗ ಒಂದು ಮಾತು ಬರುತ್ತದೆ: ಕುರ್ಚಿಯಲ್ಲಿ ಎರಡು ಥರ, ಮಂತ್ರಿಗಳಲ್ಲೂ ಎರಡು ಥರ, ಒಂದು ಕೂತ ಕೂಡಲೇ ಮಡಚಿಕೊಳ್ಳುತ್ತದೆ, ಇನ್ನೊಂದು ಗಿರಗಿರ ಸುತ್ತುತ್ತಲೇ ಇರುತ್ತದೆ. ತಾಲ್ಲೂಕು ಆಫೀಸಿಗೆ ಒಂದು ಪಹಣಿ ತಿದ್ದಿಸೋಕೆ ನಾಲ್ಕು ಸಲ ಹೋಗಿ ಬಂದ ಯಾರಿಗೇ ಆದರೂ ಈ ಸೀರೀಸ್ ಇಂಗ್ಲೆಂಡಿನದ್ದು ಅನ್ನಿಸೋದೇ ಇಲ್ಲ. ಹಿಂದಿಯಲ್ಲಿ ಫಾರೂಕ್ ಶೇಖ್ ಇದನ್ನೇ 'ಜೀ ಮಂತ್ರೀಜಿ' ಅಂತ ಮಾಡಿದ್ದರು.

ಕಾರ್ಯದರ್ಶಿ ಸರ್ ಹಂಫ್ರಿ ಬಾಯಿ ಬಿಟ್ಟರೆ ಒಂದು ವಾಕ್ಯ ಮುಗಿಯೋಕೆ ಅರ್ಧ ನಿಮಿಷ ಬೇಕು. ಇಲ್ಲಿ ಸಬ್‌ಟೈಟಲ್ ಓದಿದರೂ ಅರ್ಥವಾಗೋದಿಲ್ಲ. ಗಾಬರಿ ಬೇಡ, ಮಂತ್ರಿಗೂ ಅರ್ಥವಾಗಿರೋದಿಲ್ಲ, ತಮಾಷೆ ಇರೋದೇ ಅಲ್ಲಿ. ನಿಮ್ಮ ಅತ್ತೆಗೆ ಆ ವಾಕ್ಯಗಳನ್ನು ಬಿಡಿಸೋದು ಒಂದು ಆಟವಾಗುತ್ತದೆ ನೋಡಿ, ಗ್ರಾಮರ್ ಕಲಿಸಿದವರಲ್ವಾ.

ಇದನ್ನೇ ಮೊದಲು ಹಾಕಿ ಅಂದಿದ್ದಕ್ಕೆ ಇನ್ನೊಂದು ಕಾರಣ ಇದೆ. ಆ ಜನ ಮಾತನ್ನು ಎಷ್ಟು ತಗ್ಗಿಸಿ ಆಡುತ್ತಾರೆ ಅನ್ನೋದು ಇದರಲ್ಲಿ ಸಿಗುತ್ತದೆ. ಹಂಫ್ರಿ ಮಂತ್ರಿಗೆ 'ಇದು ತುಂಬಾ ಧೈರ್ಯದ ನಿರ್ಧಾರ ಸರ್' ಅಂದರೆ ಹೊಗಳಿದ್ದಲ್ಲ. 'ವಿವಾದ ಆಗಬಹುದು' ಅಂದರೆ ಒಂದಷ್ಟು ಓಟು ಹೋಗುತ್ತದೆ ಅಂತ. 'ಧೈರ್ಯದ ನಿರ್ಧಾರ' ಅಂದರೆ ಚುನಾವಣೆಯೇ ಹೋಗುತ್ತದೆ ಅಂತ. ಈ ಲೆಕ್ಕ ಒಮ್ಮೆ ತಲೆಗೆ ಹತ್ತಿದರೆ ಆಮೇಲೆ ಯಾವ ಬ್ರಿಟಿಷ್ ಸಿನಿಮಾ ನೋಡಿದರೂ ಯಾರು ಯಾವಾಗ ಸಿಟ್ಟಾಗಿದ್ದಾರೆ, ಯಾವಾಗ ಎದೆ ಒಡೆದಿದೆ ಅನ್ನೋದು ಗೊತ್ತಾಗೋಕೆ ಶುರುವಾಗುತ್ತದೆ. ಅವರು ಕಿರುಚೋದಿಲ್ಲ. ಟೀ ಕಪ್ಪನ್ನು ಸ್ವಲ್ಪ ಜೋರಾಗಿ ಇಡುತ್ತಾರೆ.

ಹಳೆಯ ಕಾಮಿಡಿ ನೋಡುವಾಗ ಒಂದು ವಿಚಿತ್ರ ಕಾಣುತ್ತದೆ. ಪಾತ್ರಗಳು ಮನೆಯೊಳಗೆ ಇರುವಾಗ ಚಿತ್ರ ನುಣ್ಣಗೆ ಹೊಳೆಯುತ್ತದೆ, ಬಾಗಿಲು ದಾಟಿ ಬೀದಿಗೆ ಬಂದ ಕೂಡಲೇ ಮಂಕಾಗಿ, ಕಾಳು ಕಾಳಾಗಿ ಕಾಣುತ್ತದೆ. ನಿಮ್ಮ ಟಿವಿ ಕೆಟ್ಟಿಲ್ಲ. ಒಳಗಿನದ್ದನ್ನು ಸ್ಟುಡಿಯೋದಲ್ಲಿ, ಜನರನ್ನು ಕೂರಿಸಿ, ವಿಡಿಯೋ ಟೇಪಿನಲ್ಲಿ ತೆಗೆಯುತ್ತಿದ್ದರು. ಹೊರಗಿನದ್ದನ್ನು ಫಿಲ್ಮಿನಲ್ಲಿ. ಕೇಳಿಸೋ ನಗೆ ಆ ಜನರದ್ದೇ. ಇನ್ನೊಂದು ಎಚ್ಚರ: 'ಮೈಂಡ್ ಯುವರ್ ಲ್ಯಾಂಗ್ವೇಜ್' ನಿಮಗೆ ಗೊತ್ತಿರಬಹುದು. ಆ ಎಪ್ಪತ್ತರ ದಶಕದ ಕಾಮಿಡಿಗಳಲ್ಲಿ ನಮ್ಮವರನ್ನೂ ಬೇರೆ ದೇಶದವರನ್ನೂ ಅಣಕಿಸೋದು ಮಾಮೂಲು. ನಗು ಬಂದರೂ ಮಗಳು ಮಧ್ಯೆ ಏನಾದರೂ ಕೇಳುತ್ತಾಳೆ, ಉತ್ತರ ರೆಡಿ ಇಟ್ಟುಕೊಳ್ಳಿ. ಅದರ ಬಡ್ಡಿ ತೀರಿಸಿದ್ದು 'ಗುಡ್‌ನೆಸ್ ಗ್ರೇಷಿಯಸ್ ಮಿ' ಅಂತ 1998ರಲ್ಲಿ ಬಂದ ಕಾಮಿಡಿ. ಅಲ್ಲೇ ನೆಲೆಸಿದ ನಮ್ಮ ಕಡೆಯ ಹುಡುಗರು ಹುಡುಗಿಯರು, ಇಂಗ್ಲಿಷ್ ಹೋಟೆಲಿಗೆ ಹೋಗಿ ಸಪ್ಪೆ ಊಟ ಕೇಳಿ ವೇಟರ್‌ನನ್ನು ಗೋಳು ಹುಯ್ಯುತ್ತಾರೆ.

ಅತ್ತೆಯವರ ಪಾಠದ ಪುಸ್ತಕಗಳ ಕಡೆಗೆ ಬರೋಣ. ಡಿಕನ್ಸ್ ಕಲಿಸಿರುತ್ತಾರೆ, ಅಲ್ವಾ? 2005ರಲ್ಲಿ ಬಿಬಿಸಿ 'ಬ್ಲೀಕ್ ಹೌಸ್' ಮಾಡಿತು. ಅದನ್ನು ಮಾಡಿದ ರೀತಿ ನೋಡಿ: ಮೊದಲ ಎಪಿಸೋಡ್ ಒಂದು ಗಂಟೆ, ಮಿಕ್ಕ 14 ಅರ್ಧರ್ಧ ಗಂಟೆ. ಡಿಕನ್ಸ್ ಆ ಕಾದಂಬರಿಯನ್ನು ಬರೆದಿದ್ದೇ ತಿಂಗಳು ತಿಂಗಳು ಕಂತಿನಲ್ಲಿ, ನಮ್ಮ ಸುಧಾ, ತರಂಗದಲ್ಲಿ ಧಾರಾವಾಹಿ ಬಂದ ಹಾಗೆ. ಹಾಗಾಗಿ ಅದಕ್ಕೆ ಈ ತುಂಡು ತುಂಡು ಅಳತೆ ಚೆನ್ನಾಗಿ ಹೊಂದಿತು. ಒಂದು ಆಸ್ತಿ ವ್ಯಾಜ್ಯ ತಲೆಮಾರುಗಟ್ಟಲೆ ಕೋರ್ಟಿನಲ್ಲಿ ಕೊಳೆಯೋ ಕತೆ, ಇನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಪುಸ್ತಕದಿಂದ ಟಿವಿಗೆ ತಂದವರು ಆಂಡ್ರ್ಯೂ ಡೇವಿಸ್. ಅವರೇ 1995ರಲ್ಲಿ 'ಪ್ರೈಡ್ ಆ್ಯಂಡ್ ಪ್ರೆಜುಡಿಸ್' ಬರೆದರು, ಆರು ಎಪಿಸೋಡ್. ಐದು ಹೆಣ್ಣುಮಕ್ಕಳಿಗೆ ವರ ಹುಡುಕೋ ತಾಯಿ, ಪೇಪರ್ ಓದೋ ನೆಪದಲ್ಲಿ ಮೂಲೆ ಹಿಡಿಯೋ ತಂದೆ. ನಮ್ಮ ಎಷ್ಟೋ ಮನೆಗಳ ಕತೆ. 2005ರಲ್ಲಿ ಅದೇ ಕತೆ ಸಿನಿಮಾ ಆಗಿಯೂ ಬಂತು. ಎರಡು ಗಂಟೆಯಲ್ಲಿ ಮುಗಿಯುತ್ತದೆ, ಮಳೆ ಗಾಳಿ ಚೆನ್ನಾಗಿದೆ, ಆದರೆ ತಾಯಿಗೆ ಮಾತಾಡೋಕೆ ಜಾಗವೇ ಸಾಲದು. ನಾನು ಆರು ಎಪಿಸೋಡಿನ ಕಡೆ.

'ಡೌನ್‌ಟನ್ ಆ್ಯಬಿ' ಬಗ್ಗೆ ಹೇಳದಿದ್ದರೆ ಯಾರಾದರೂ ಬೈಯುತ್ತಾರೆ. 52 ಎಪಿಸೋಡ್. ಮೊದಲ ಸರಣಿ ಅಮೃತ, ಆಮೇಲಿನದು ಹೆಚ್ಚು ಕಡಿಮೆ ನಮ್ಮ ಧಾರಾವಾಹಿಯೇ, ಸೀರೆ ಬದಲು ಗೌನ್. ಆದರೂ ಮ್ಯಾಗಿ ಸ್ಮಿತ್ ಮಾಡಿದ ಅಜ್ಜಿಗಾಗಿ ನೋಡಬಹುದು. ಊಟದ ಮೇಜಿನಲ್ಲಿ ಯಾರೋ ವೀಕೆಂಡ್ ಅಂದರೆ, ಆಕೆ ನಿಜವಾಗಿಯೂ ಗೊತ್ತಿಲ್ಲದೆ 'ಹಾಗಂದರೆ ಏನು' ಅಂತ ಕೇಳುತ್ತಾಳೆ. ಜೀವಮಾನದಲ್ಲಿ ಒಂದು ದಿನವೂ ದುಡಿಯದವಳಿಗೆ ಶನಿವಾರ ಹೇಗೆ ಗೊತ್ತಿರಬೇಕು?

ಸಿನಿಮಾನೂ ಕೇಳಿದ್ದೀರಿ. ಹಳೆಯದರಲ್ಲಿ ಒಂದೇ ಒಂದು ಹೇಳಿ ಅಂದರೆ ಡೇವಿಡ್ ಲೀನ್ ಅವರ 'ಬ್ರೀಫ್ ಎನ್‌ಕೌಂಟರ್', 1945ರದ್ದು, 86 ನಿಮಿಷ, ಕಪ್ಪು ಬಿಳುಪು. ರೈಲ್ವೆ ಸ್ಟೇಷನ್ನಿನ ಟೀ ಅಂಗಡಿಯಲ್ಲಿ ಪರಿಚಯವಾಗೋ ಇಬ್ಬರು, ಇಬ್ಬರಿಗೂ ಬೇರೆ ಬೇರೆ ಮದುವೆ ಆಗಿದೆ, ಮಕ್ಕಳಿದ್ದಾರೆ. ಸಿನಿಮಾದ ಶುರುವಿನಲ್ಲೇ ಟೀ ಅಂಗಡಿಯ ಮೇಜಿನಲ್ಲಿ ಅವರು ಕೂತಿರುತ್ತಾರೆ. ಆಕೆಯ ಪರಿಚಯದ ಬಾಯಿಬಡುಕಿ ಹೆಂಗಸೊಬ್ಬಳು ಬಂದು ನಡುವೆ ಕೂರುತ್ತಾಳೆ, ಏನೇನೋ ಹರಟುತ್ತಾಳೆ. ಅವನಿಗೆ ರೈಲಿನ ಹೊತ್ತಾಗುತ್ತದೆ. ಎದ್ದು, ಹೋಗೋ ಮುಂಚೆ ಆಕೆಯ ಭುಜದ ಮೇಲೆ ಒಂದು ಕ್ಷಣ ಕೈಯಿಟ್ಟು ಹೋಗುತ್ತಾನೆ. ನಮಗೆ ಏನೂ ಅನ್ನಿಸೋದಿಲ್ಲ, ಯಾರೋ ಸ್ನೇಹಿತ ಹೊರಟ ಅಷ್ಟೇ. ಸಿನಿಮಾದ ಕೊನೆಯಲ್ಲಿ ಅದೇ ದೃಶ್ಯ ಮತ್ತೆ ಬರುತ್ತದೆ. ಅಷ್ಟು ಹೊತ್ತಿಗೆ ಆ ಕೈ ಏನು ಅಂತ ನಮಗೆ ಗೊತ್ತು. ಆ ಹೆಂಗಸು ಹರಟುತ್ತಲೇ ಇರುತ್ತಾಳೆ. ಮೊದಲ ಸಲ ಆಕೆಯ ಮಾತು ಕೇಳಿ ನಗು ಬಂದಿರುತ್ತದೆ, ಎರಡನೇ ಸಲ ಅವಳ ಬಾಯಿ ಮುಚ್ಚಿಸಬೇಕು ಅನ್ನಿಸುತ್ತದೆ.

ನಗಬೇಕು ಅಂದರೆ 'ದಿ ಲೇಡಿಕಿಲ್ಲರ್ಸ್', 1955. ಒಂಟಿ ಅಜ್ಜಿಯ ಮನೆಯಲ್ಲಿ ಐವರು ಕಳ್ಳರು ಬಾಡಿಗೆಗೆ ರೂಮ್ ಹಿಡಿದು, ನಾವು ಸಂಗೀತದವರು ಅಂತ ಗ್ರಾಮಫೋನ್ ಹಾಕಿಕೊಂಡು ಒಳಗೆ ದರೋಡೆಯ ಪ್ಲಾನ್ ಮಾಡುತ್ತಾರೆ. ಅಜ್ಜಿ ಮಾತ್ರ ಟೀ ಬೇಕಾ ಅಂತ ಬಾಗಿಲು ಬಡೀತಾನೇ ಇರುತ್ತಾಳೆ. ಯಾರು ಗೆಲ್ಲುತ್ತಾರೆ ಅಂತ ಅತ್ತೆ ಮೊದಲೇ ಊಹಿಸುತ್ತಾರೆ. ಮನೆಗೆ ಚಿಕ್ಕ ಮಕ್ಕಳು ಬಂದರೆ ಬ್ರಿಸ್ಟಲ್‌ನ ಆರ್ಡ್‌ಮನ್ ಸ್ಟುಡಿಯೋದ 'ಶಾನ್ ದಿ ಶೀಪ್' ಹಾಕಿ, ಅದರಲ್ಲಿ ಮಾತೇ ಇಲ್ಲ. ಅದೇ ಸ್ಟುಡಿಯೋದ 'ದಿ ರಾಂಗ್ ಟ್ರೌಸರ್ಸ್' ಅರ್ಧ ಗಂಟೆ. ಆಟಿಕೆ ರೈಲಿನ ಮೇಲೆ ಕೂತ ನಾಯಿ, ಓಡ್ತಾ ಓಡ್ತಾ ಮುಂದಕ್ಕೆ ಹಳಿ ಜೋಡಿಸಿಕೊಂಡೇ ಹೋಗೋ ಸೀನ್ ಇದೆ. ಮಕ್ಕಳಿಗಿಂತ ನೀವೇ ಜಾಸ್ತಿ ನಗುತ್ತೀರಿ.

ಇವತ್ತಿನ ಇಂಗ್ಲೆಂಡ್ ಹೇಗಿದೆ ಅಂತ ನೋಡಬೇಕು ಅಂದರೆ ಅರಮನೆ ಬಿಟ್ಟು ಬನ್ನಿ. ಕೆನ್ ಲೋಚ್ ಅವರದ್ದೇ 'ಐ, ಡೇನಿಯಲ್ ಬ್ಲೇಕ್', 2016ರಲ್ಲಿ ಕಾನ್ ಉತ್ಸವದ ದೊಡ್ಡ ಪ್ರಶಸ್ತಿ ಬಂತು. ನ್ಯೂಕಾಸಲ್‌ನ ಬಡಗಿಗೆ ಹಾರ್ಟ್ ಅಟ್ಯಾಕ್ ಆಗಿದೆ, ಡಾಕ್ಟರು ಕೆಲಸ ಬೇಡ ಅಂತಾರೆ, ಸರ್ಕಾರದ ಆಫೀಸು ನೀನು ಗಟ್ಟಿಯಾಗಿದ್ದೀಯ ಹೋಗು ಅನ್ನುತ್ತದೆ. ಪುಕ್ಕಟೆ ದಿನಸಿ ಕೊಡೋ ಜಾಗದಲ್ಲಿ ಒಬ್ಬ ತಾಯಿ, ಮಕ್ಕಳಿಗೆ ಊಟ ಬಿಟ್ಟುಕೊಟ್ಟು ಹಸಿದವಳು, ಅಲ್ಲೇ ಮೂಲೆಯಲ್ಲಿ ಡಬ್ಬಿ ಒಡೆದು ಬರಿಗೈಲಿ ತಿನ್ನೋಕೆ ಶುರು ಮಾಡುತ್ತಾಳೆ. ಆಮೇಲೆ ನಾಚಿಕೆಯಿಂದ ಅಳುತ್ತಾಳೆ. ನಾನು ಅದನ್ನು ಎರಡನೇ ಸಲ ನೋಡಿಲ್ಲ.

'ಮಿಸ್ಟರ್ ಬೇಟ್ಸ್ ವರ್ಸಸ್ ದಿ ಪೋಸ್ಟ್ ಆಫೀಸ್' ಮಾತ್ರ ಇಡೀ ಮನೆ ಒಟ್ಟಿಗೆ ನೋಡಬೇಕು. ನಾಲ್ಕೇ ಎಪಿಸೋಡ್, 2024ರ ಜನವರಿಯಲ್ಲಿ ಅಲ್ಲಿನ ಐಟಿವಿ ಚಾನೆಲ್ಲಿನಲ್ಲಿ ಬಂತು. ನಡೆದ ಕತೆ. ಹಳ್ಳಿ ಊರಿನ ಸಣ್ಣ ಪೋಸ್ಟ್ ಆಫೀಸ್ ನಡೆಸೋರಿಗೆ ಹೊರೈಜನ್ ಅಂತ ಒಂದು ಕಂಪ್ಯೂಟರ್ ವ್ಯವಸ್ಥೆ ಕೊಟ್ಟರು. ಅದು ಇಲ್ಲದ ಕೊರತೆಯನ್ನು ಲೆಕ್ಕದಲ್ಲಿ ತೋರಿಸಿತು. ಕಂಪ್ಯೂಟರ್ ಸುಳ್ಳು ಹೇಳೋದಿಲ್ಲ, ನೀವೇ ಕದ್ದಿದ್ದೀರಿ ಅಂತ 900ಕ್ಕೂ ಹೆಚ್ಚು ಜನರ ಮೇಲೆ ಅಪರಾಧ ಸಾಬೀತಾಯಿತು, ಕೆಲವರು ಜೈಲಿಗೂ ಹೋದರು. ಮೊದಲ ಎಪಿಸೋಡಿನಲ್ಲಿ ಒಬ್ಬ ಹೆಂಗಸು ಸಹಾಯವಾಣಿಗೆ ಫೋನ್ ಮಾಡಿ, ಅವರು ಹೇಳಿದ ಹಾಗೇ ಬಟನ್ ಒತ್ತುತ್ತಾಳೆ. ಪರದೆಯ ಮೇಲಿನ ಕೊರತೆ ಅವಳ ಕಣ್ಣೆದುರೇ ಎರಡರಷ್ಟಾಗುತ್ತದೆ. ಅದು ಪ್ರಸಾರ ಆದ ಮೇಲೆ ಎದ್ದ ಸಿಟ್ಟು ಎಷ್ಟಿತ್ತು ಅಂದರೆ ಅದೇ ವರ್ಷದ ಮೇ ತಿಂಗಳಲ್ಲಿ ಆ ತೀರ್ಪುಗಳನ್ನು ರದ್ದು ಮಾಡೋಕೆ ಪಾರ್ಲಿಮೆಂಟ್ ಕಾನೂನೇ ತಂದಿತು. ಟಿವಿ ನೋಡಿ ಕಾನೂನು ಬದಲಾಗಿದ್ದು ಎಷ್ಟು ಸಲ ಕೇಳಿದ್ದೀರಿ?

ಮಗಳ ಜೊತೆ 'ಅಡೋಲೆಸೆನ್ಸ್' ನೋಡಿ, 2025ರದ್ದು, ನಾಲ್ಕು ಎಪಿಸೋಡ್. ಆದರೆ ನೀವು ಗಂಡ ಹೆಂಡತಿ ಮೊದಲು ನೋಡಿಕೊಳ್ಳಿ. 13 ವರ್ಷದ ಹುಡುಗನನ್ನು ಬೆಳಗಿನ ಜಾವ ಪೊಲೀಸರು ಬಾಗಿಲು ಒಡೆದು ಹಿಡಿಯೋದರಿಂದ ಶುರು. ಪ್ರತಿ ಎಪಿಸೋಡೂ ಒಂದೇ ಟೇಕ್, ನಡುವೆ ಕತ್ತರಿ ಇಲ್ಲ. ಹಾಗಾಗಿ ನಮಗೂ ಉಸಿರು ಬಿಡೋಕೆ ಜಾಗ ಸಿಗೋದಿಲ್ಲ. ನೋಡುವಾಗ ಫೋನ್ ಪಕ್ಕಕ್ಕಿಡಿ, ಅವಳಿಗೂ ಹೇಳಿ.

ಮುಜುಗರದ ವಿಷಯ. ಅಲ್ಲಿನ ಟಿವಿಯಲ್ಲಿ ರಾತ್ರಿ ಒಂಬತ್ತರವರೆಗೆ ಮಕ್ಕಳಿಗೆ ಒಗ್ಗದ್ದನ್ನು ಹಾಕೋ ಹಾಗಿಲ್ಲ, ಒಂಬತ್ತು ದಾಟಿದ ಮೇಲೆ ನಾಲಿಗೆಗೆ ಲಗಾಮಿಲ್ಲ. ಅವರಿಗೆ ಬೈಗುಳ ಅಂದರೆ ಉಪ್ಪು ಹಾಕಿದ ಹಾಗೆ. ನಮ್ಮ ಓಟಿಟಿಗಳಲ್ಲಿ ಈಗ ಯು/ಎ 13+, 16+, ಎ ಅಂತ ಗುರುತು ಇರುತ್ತದೆ, ಪಕ್ಕದಲ್ಲಿ ಕಾರಣವನ್ನೂ ಬರೆದಿರುತ್ತಾರೆ. ಬರೀ ಅಂಕಿ ನೋಡಬೇಡಿ, ಆ ಕಾರಣ ಓದಿ. ಅತ್ತೆಗೆ ಹಿಂಸೆ ಆಗೋದಿಲ್ಲವೋ, ಬೈಗುಳ ಆಗೋದಿಲ್ಲವೋ ಅಂತ ನಿಮಗೆ ಗೊತ್ತಿರುತ್ತದೆ.

ಸಣ್ಣಪುಟ್ಟ ಎಚ್ಚರಿಕೆಗಳು ಒಂದೆರಡು. ಅವರು 'ಸೀರೀಸ್ 2' ಅಂದರೆ ನಮ್ಮ ಸೀಸನ್ 2. 'ದಿ ಆಫೀಸ್' ಅಂತ ಹುಡುಕಿದರೆ ಅಮೆರಿಕದ್ದು ಬರುತ್ತದೆ, ಮೂಲ ಬ್ರಿಟಿಷ್ ಬೇರೆ, 2001ರದ್ದು, 12 ಎಪಿಸೋಡ್ ಮತ್ತು 2003ರ ಎರಡು ಕ್ರಿಸ್‌ಮಸ್ ವಿಶೇಷ. ಆ ವಿಶೇಷಗಳಲ್ಲೇ ಕತೆಯ ನಿಜವಾದ ಕೊನೆ ಇರೋದು. ಕೆಲವು ಆ್ಯಪ್‌ಗಳಲ್ಲಿ ಕ್ರಿಸ್‌ಮಸ್ ವಿಶೇಷಗಳನ್ನು ಎಲ್ಲೋ ಮೂಲೆಯಲ್ಲಿ ಬೇರೆಯಾಗಿ ಇಟ್ಟಿರುತ್ತಾರೆ, ಹುಡುಕಿ ನೋಡಿ. ಹಿಂದಿಯಲ್ಲಿ 'ಕ್ರಿಮಿನಲ್ ಜಸ್ಟಿಸ್', ಅಜಯ್ ದೇವಗನ್ ಅವರ 'ರುದ್ರ' ನೋಡಿದ್ದರೆ, ಎರಡರ ಮೂಲವೂ ಬಿಬಿಸಿಯದ್ದೇ. ಎರಡನೆಯದರ ಮೂಲದ ಹೆಸರು 'ಲೂಥರ್'. ಇನ್ನು ಟಿವಿ ಸೆಟ್ಟಿಂಗ್: ಚಲನೆಯನ್ನು ನುಣುಪು ಮಾಡೋ ಮೋಷನ್ ಆಯ್ಕೆ ಇದ್ದರೆ ಆಫ್ ಮಾಡಿ, ಸಿನಿಮಾ ಎಲ್ಲ ಮದುವೆ ವಿಡಿಯೋ ಥರ ಕಾಣೋದು ಅದರಿಂದಲೇ. ಹಳೆಯ ಚೌಕದ ಚಿತ್ರವನ್ನು ಪರದೆ ತುಂಬಾ ಎಳೆಯಬೇಡಿ, ಪಕ್ಕದಲ್ಲಿ ಕಪ್ಪು ಇರಲಿ ಬಿಡಿ. ಮಾತು ಕೇಳಿಸದಿದ್ದರೆ ವಾಲ್ಯೂಮ್ ಏರಿಸೋ ಬದಲು ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಮಾತನ್ನು ಸ್ಪಷ್ಟ ಮಾಡೋ ಆಯ್ಕೆ ಇದೆಯಾ ನೋಡಿ.

ಯಾವುದು ಯಾವ ಆ್ಯಪಿನಲ್ಲಿದೆ ಅಂತ ನಾನು ಬರೆದಿಲ್ಲ, ಬೇಕಂತಲೇ ಬರೆದಿಲ್ಲ. ಹಕ್ಕುಗಳು ಕೈ ಬದಲಾಗುತ್ತಾ ಇರುತ್ತವೆ, ಇವತ್ತು ಇದ್ದದ್ದು ಮುಂದಿನ ತಿಂಗಳು ಇರೋದಿಲ್ಲ. ನೆಟ್‌ಫ್ಲಿಕ್ಸಿನವರು ತಾವೇ ಮಾಡಿಸಿದ 'ಅಡೋಲೆಸೆನ್ಸ್', 'ದಿ ಕ್ರೌನ್' ಥರದವು ಅಲ್ಲೇ ಸಿಗುತ್ತವೆ. ಮಿಕ್ಕಿದ್ದಕ್ಕೆ ಹೆಸರು ಹಾಕಿ ಹುಡುಕಿ. ಒಂದು ಸೀರೀಸಿಗಾಗಿ ವರ್ಷದ ಚಂದಾ ಕಟ್ಟಬೇಡಿ, ಒಂದು ತಿಂಗಳದ್ದು ಕಟ್ಟಿ. ಎಪಿಸೋಡ್ ಎಣಿಸಿ ಅಂದಿದ್ದು ಇದಕ್ಕೂ ಸೇರಿ. ಆರು ಎಪಿಸೋಡಿನದ್ದು ಒಂದು ವಾರದಲ್ಲಿ ಮುಗಿಯುತ್ತದೆ, ಮಿಕ್ಕ ಮೂರು ವಾರದಲ್ಲಿ ಅದೇ ಆ್ಯಪಿನಲ್ಲಿ ಇನ್ನೆರಡು ಮುಗಿಸಬಹುದು.

ಮೈದುನನ ವಿಷಯ. ಬಿಬಿಸಿಯ ಐಪ್ಲೇಯರ್ ಅನ್ನೋ ಆ್ಯಪ್ ಇರೋದು ಆ ದೇಶದೊಳಗೆ ಮಾತ್ರ, ಅವರ ಲಾಗಿನ್ ಇಸಕೊಂಡರೂ ಶಿವಮೊಗ್ಗದಲ್ಲಿ ಉಪಯೋಗಕ್ಕೆ ಬರೋದಿಲ್ಲ. ಡಿವಿಡಿ ತರಿಸಬಹುದು, ಆದರೆ ಡಿವಿಡಿಗಳಿಗೆ ಪ್ರದೇಶದ ಪ್ರಕಾರ ರೀಜನ್ ಅಂತ ಒಂದು ನಂಬರ್ ಇರುತ್ತದೆ, ಅಲ್ಲಿನದು ರೀಜನ್ 2, ನಮ್ಮದು ರೀಜನ್ 5. ನಿಮ್ಮ ಪ್ಲೇಯರ್ ಎಲ್ಲ ರೀಜನ್ನೂ ಓದುತ್ತದಾ ಅಂತ ಮೊದಲು ನೋಡಿಕೊಳ್ಳಿ, ಇಲ್ಲದಿದ್ದರೆ ಹೊಳೆಯೋ ತಟ್ಟೆ ಅಷ್ಟೇ. ಓದುತ್ತದೆ ಅಂತಾದರೆ 'ಬ್ಲೀಕ್ ಹೌಸ್' ಮತ್ತು 'ಫಾಯ್ಲ್ಸ್ ವಾರ್' ತರೋಕೆ ಹೇಳಿ. ಡಬ್ಬಿಯ ಹಿಂದೆ ಸಬ್‌ಟೈಟಲ್ ಇದೆ ಅಂತ ಬರೆದಿರಬೇಕು, ಅದನ್ನು ನೋಡಿಯೇ ಕೊಳ್ಳಲಿ.

ಒಂದು ಭಾನುವಾರ ಮಧ್ಯಾಹ್ನ ಬಿಡುವಿದ್ದಾಗ ಡೇವಿಡ್ ಲೀನ್ ಅವರ ಕೊನೆಯ ಸಿನಿಮಾ, 1984ರ 'ಎ ಪ್ಯಾಸೇಜ್ ಟು ಇಂಡಿಯಾ' ಹಾಕಿ. ಎರಡು ಮುಕ್ಕಾಲು ಗಂಟೆ, ಮಧ್ಯೆ ಕಾಫಿಗೆ ನಿಲ್ಲಿಸಿ. ಅಲೆಕ್ ಗಿನ್ನೆಸ್ ಮುಖಕ್ಕೆ ಬಣ್ಣ ಬಳಿದುಕೊಂಡು ಬ್ರಾಹ್ಮಣ ಪ್ರೊಫೆಸರ್ ಆಗಿದ್ದಾರೆ, ಇವತ್ತು ನೋಡಿದರೆ ಮುಜುಗರ ಆಗುತ್ತದೆ. ಆದರೆ ಪೆಗ್ಗಿ ಆ್ಯಶ್‌ಕ್ರಾಫ್ಟ್ ಮಾಡಿದ ಮುದುಕಿಯ ಪಾತ್ರಕ್ಕೆ ಆಸ್ಕರ್ ಬಂತು, ಬರಲೇಬೇಕಿತ್ತು. ಕತೆಯ ಗುಹೆಗಳು ಬಿಹಾರದ ಕಡೆಯವು. ಶೂಟಿಂಗ್ ಮಾತ್ರ ನಮ್ಮ ಸಾವನದುರ್ಗ, ರಾಮದೇವರ ಬೆಟ್ಟದ ಬಂಡೆಗಳಲ್ಲಿ ನಡೆದಿದ್ದು. ಆನೆ ಮೇಲೆ ಕೂತು ದೊರೆಸಾನಿಯರು ಗುಹೆಗೆ ಹೋಗುವಾಗ ಹಿಂದೆ ಆ ಬೋಳು ಬಂಡೆ ಕಾಣುತ್ತದಲ್ಲ, ಅಲ್ಲಿ ಒಂದು ಸಲ ನಿಲ್ಲಿಸಿ ಅತ್ತೆಯವರಿಗೆ ತೋರಿಸಿ.